ಸೊಂಟದ ಮಟ್ಟದ ನೀರು

ಅವರು ತೀರಿಕೊಂಡ ಸುದ್ದಿಯನ್ನು ಕಳೆದ ತಿಂಗಳು ಅವರ ಮಗಳೇ ಬಂದು ಹೇಳಿದಳು. ತೊಕ್ಕೊಟ್ಟಿನಿಂದ ಬಸ್ಸಿನಲ್ಲಿ ಬಂದಿದ್ದಳು. ನೀರು ಕೊಟ್ಟರೆ ಕುಡಿಯದೆ, ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದಳು. “ಬಾಯಿ, ನಿಮಗೆ ಹೇಳ್ಬೇಕಾ ಬೇಡ್ವಾ ಅಂತ ಮೂರು ದಿನ ಯೋಚನೆ ಮಾಡಿದೆ. ಬಾಪ ಇದ್ದಿದ್ರೆ ಹೇಳು ಅಂತಿದ್ರು” ಎಂದಳು. ಹೇಳಿದ್ದು ಒಳ್ಳೆಯದಾಯಿತು ಎಂದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರು ಕೇಳಿದರೆ ಇಂದಿಗೂ ಮುಖ ತಿರುಗಿಸುವ ಮನೆಗಳು ಈ ಊರಿನಲ್ಲಿವೆ. ನಮ್ಮ ಮನೆಯೂ ಒಂದು ಕಾಲದಲ್ಲಿ ಹಾಗೆಯೇ ಇತ್ತು. ಆಫೀಸಿನಲ್ಲಿ ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಇಲ್ಲಿಯ ರೂಢಿಯಂತೆ ಅವರು ನನ್ನನ್ನು ಬಾಯಿ ಎನ್ನುತ್ತಿದ್ದರು.

ಆಫೀಸು ಇದ್ದದ್ದು ಬಂದರಿನ ಒಂದು ಬೀದಿಯಲ್ಲಿ, ಒಣಮೀನಿನ ಮಂಡಿಗಳ ನಡುವೆ. ಹಡಗಿನ ಟಿಕೇಟು ಮಾಡಿಸಿಕೊಡುವುದು ನಮ್ಮ ಕೆಲಸ. ಓದಲಿಕ್ಕೆ ಇಂಗ್ಲೆಂಡಿಗೆ ಹೋಗುವ ಡಾಕ್ಟರುಗಳು, ಯುರೋಪ್ ನೋಡಲು ಹೊರಟ ಕಾಫಿ ತೋಟದ ಗಂಡ ಹೆಂಡತಿ, ರೋಮಿಗೆ ಹೋಗುವ ಪಾದ್ರಿಗಳು, ಬೊಂಬಾಯಿ ಮೂಲಕ ಹಜ್ಜಿಗೆ ಹೋಗುವ ಮುದುಕರು, ಎಲ್ಲರೂ ಅಲ್ಲಿಗೆ ಬರುತ್ತಿದ್ದರು. ನಾನು ಟೈಪಿಸ್ಟಾಗಿ ಸೇರಿದ್ದು ಐವತ್ತಾರರ ಕೊನೆಗೆ. ಅಪ್ಪ ತೀರಿಹೋಗಿದ್ದರು. ಮನೆಯಲ್ಲಿ ಅಮ್ಮ, ನಾನು, ಇನ್ನೂ ಚಡ್ಡಿ ಹಾಕುವ ತಮ್ಮ ಲಿಯೋ. ಕೊಡಿಯಾಲ್‌ಬೈಲಿನ ಬಾಡಿಗೆ ಮನೆಯಿಂದ ನಾನು ಬಂದರಿಗೆ ನಡೆದೇ ಹೋಗುತ್ತಿದ್ದೆ.

ಗೋಡೆಯ ತುಂಬ ಹಡಗು ಕಂಪನಿಗಳು ಕಳಿಸಿದ ಬಣ್ಣದ ಪೋಸ್ಟರುಗಳಿದ್ದವು. ಪ್ಯಾರಿಸಿನ ಕಬ್ಬಿಣದ ಗೋಪುರ, ಈಜಿಪ್ಟಿನ ಪಿರಮಿಡ್ಡು, ವಾಲಿದ ಪೀಸಾ ಗೋಪುರ, ಮಂಜಿನ ಟೋಪಿ ಹಾಕಿದ ಜಪಾನಿನ ಬೆಟ್ಟ. ಅವುಗಳ ಕೆಳಗೆ ಒಂದು ಮೇಜು, ಮೇಜಿನ ಹಿಂದೆ ಸಾಹೇಬರು. ಸಣಕಲು ಮನುಷ್ಯ, ನಲವತ್ತರ ಆಚೆ ಈಚೆ. ಬಿಳಿ ಪಂಚೆ, ಕೊರಳಿನ ತನಕ ಗುಂಡಿ ಹಾಕಿದ ಅಂಗಿ. ಮಾತಾಡುವಾಗ ಬಲಗೈಯ ಎರಡು ಬೆರಳುಗಳನ್ನು ಮೇಜಿನ ಮೇಲೆ ನಡೆಸುತ್ತಿದ್ದರು, ಆ ಎರಡು ಬೆರಳೇ ಪ್ರಯಾಣಿಕನ ಕಾಲುಗಳು ಎನ್ನುವಂತೆ. ಶಾಯಿಬುಡ್ಡಿ ಇಗರ್ಜಿ, ಅಂದರೆ ಚರ್ಚು, ಆಗುತ್ತಿತ್ತು, ರೂಳುದೊಣ್ಣೆ ನದಿಯಾಗುತ್ತಿತ್ತು. “ಇಲ್ಲಿ ಇಳೀತೀರಿ. ಇಲ್ಲಿಂದ ಎಡಕ್ಕೆ. ಬಲಕ್ಕೆ ಹೋದ್ರೆ ಅಂಗಡಿಗಳು ಮಾತ್ರ ಉಂಟು, ನಿಮಗೆ ಅದು ಬೇಡ.”

ಟಿಕೇಟಿನ ಜೊತೆಗೆ ಅವರು ಪ್ರತಿಯೊಬ್ಬರಿಗೂ ಒಂದು ಹಾಳೆ ಬರೆದು ಕೊಡುತ್ತಿದ್ದರು. ಆ ಊರಿನಲ್ಲಿ ಏನು ನೋಡಬೇಕು, ಯಾವ ಹೊತ್ತಿಗೆ ನೋಡಬೇಕು, ಎಲ್ಲಿ ನಿಂತು ನೋಡಬೇಕು. ಮಾಲೀಕರು ಹೇಳಿದ ಕೆಲಸವಲ್ಲ ಅದು. ಅವರೇ ಹಚ್ಚಿಕೊಂಡದ್ದು. ದುಂಡಗಿನ ಕನ್ನಡ ಅಕ್ಷರ, ಒಂದೂ ಚಿತ್ತುಕಾಟು ಇರುತ್ತಿರಲಿಲ್ಲ. ಕೆಲವು ಸಾಲುಗಳು ನನಗೆ ಇನ್ನೂ ಬಾಯಿಪಾಠ. “ಲಂಡನ್ನಿನಲ್ಲಿ ಮೊದಲ ದಿನ ಎಲ್ಲಿಗೂ ಹೋಗಬೇಡಿ. ಎರಡನೆಯ ದಿನ ಸೇತುವೆಯ ನಡುವೆ ನಿಂತು ಪಾರ್ಲಿಮೆಂಟಿನ ಗಡಿಯಾರ ನೋಡಿ. ಬುಡಕ್ಕೆ ಹೋದರೆ ಕುತ್ತಿಗೆ ನೋಯುತ್ತದೆ, ಗಡಿಯಾರ ಕಾಣುವುದಿಲ್ಲ.” “ಪಿರಮಿಡ್ಡಿನ ಒಳಗೆ ಬಗ್ಗಿಕೊಂಡೇ ಹೋಗಬೇಕು. ಬೆನ್ನುನೋವು ಇದ್ದವರು ಹೊರಗೆ ನೆರಳಿನಲ್ಲಿ ಕುಳಿತು ನೋಡಿದರೆ ಸಾಕು.” “ರೋಮಿನಲ್ಲಿ ಒಂದು ಗುಡ್ಡದ ಮೇಲೆ ಮುಚ್ಚಿದ ಬಾಗಿಲು ಉಂಟು. ಅದರ ಬೀಗದ ತೂತಿಗೆ ಕಣ್ಣಿಟ್ಟರೆ ದೊಡ್ಡ ಇಗರ್ಜಿಯ ಗುಮ್ಮಟ ಕಾಣುತ್ತದೆ.”

ನಾನು ಸೇರಿದ ಆ ದಿನಗಳಲ್ಲೇ ಸುಯೆಜ್ ಕಾಲುವೆ ಮುಚ್ಚಿ, ಹಡಗುಗಳೆಲ್ಲ ಆಫ್ರಿಕಾ ಸುತ್ತಿ ಹೋಗತೊಡಗಿದವು. ಸಾಹೇಬರು ಒಂದು ವಾರದಲ್ಲಿ ಕೇಪ್‌ಟೌನಿನ ಹಾಳೆ ತಯಾರು ಮಾಡಿದರು. ಮೇಜಿನಂತೆ ಚಪ್ಪಟೆಯಾದ ಬೆಟ್ಟದ ಬಗ್ಗೆ, ಅದರ ಮೇಲೆ ಮೋಡ ಇಳಿಯುವ ಹೊತ್ತಿನ ಬಗ್ಗೆ ಬರೆದು, ಕೊನೆಗೆ ಒಂದು ಸಾಲು ಸೇರಿಸಿದ್ದರು: “ನಮ್ಮ ಬಣ್ಣದವರು ಕೂರುವ ಬೆಂಚು ಬೇರೆ ಉಂಟು. ನೋಡಿಕೊಂಡು ಕೂರಿ.” ನಾನು ಅದನ್ನು ಓದಿ, “ಇದನ್ನು ಯಾಕೆ ಬರೆದಿರಿ? ಹೋಗುವವರಿಗೆ ಬೇಜಾರಾಗುದಿಲ್ವಾ?” ಎಂದೆ.

“ಬೇಜಾರು ಇಲ್ಲಿಯೇ ಆಗಲಿ ಬಾಯಿ. ಅಲ್ಲಿ ಹೋಗಿ ಎಲ್ಲರ ಎದುರು ಆಗುದು ಬೇಡ” ಎಂದರು.

ಇಷ್ಟೆಲ್ಲ ಬರೆದ ಮನುಷ್ಯ ಬೊಂಬಾಯಿಯನ್ನೂ ಕಂಡವರಲ್ಲ. ಅವರ ಅಣ್ಣ ರಂಗೂನಿಗೆ ದುಡಿಯಲು ಹೋದವನು ಯುದ್ಧದ ಕಾಲದಲ್ಲಿ ಅಲ್ಲಿಯೇ ಕಾಣೆಯಾದ. ಆಮೇಲೆ ತಾಯಿ ಇವರಿಂದ ಮಾತು ತೆಗೆದುಕೊಂಡಿದ್ದರು: ತಾನು ಬದುಕಿರುವಷ್ಟು ದಿನ ಕಡಲು ದಾಟಬಾರದು. ಹಾಗಾಗಿ ಅವರು ದಿನಾ ದಾಟುತ್ತಿದ್ದ ನೀರೆಂದರೆ ನೇತ್ರಾವತಿ ಒಂದೇ. ಆಗಿನ್ನೂ ರಸ್ತೆಯ ಸೇತುವೆ ಆಗಿರಲಿಲ್ಲ. ಬೆಳಿಗ್ಗೆ ದೋಣಿಯಲ್ಲಿ ಈ ದಡಕ್ಕೆ, ಸಂಜೆ ದೋಣಿಯಲ್ಲಿ ಆ ದಡಕ್ಕೆ.

ಹಾಗಾದರೆ ಇದೆಲ್ಲ ಅವರಿಗೆ ಹೇಗೆ ತಿಳಿಯಿತು? ಕೇಳಿ ಕೇಳಿ. ಹೋಗಿ ಬಂದವರನ್ನು ಅವರು ಬಿಡುತ್ತಿರಲಿಲ್ಲ. ಮೇಜಿನ ಎದುರು ಕೂರಿಸಿ, ಚಾ ತರಿಸಿ, ವಕೀಲರ ಹಾಗೆ ಸವಾಲು ಹಾಕುತ್ತಿದ್ದರು. ಗೋಪುರ ಹೇಗಿತ್ತು ಎಂದು ಅವರು ಕೇಳುತ್ತಿರಲಿಲ್ಲ. ಅದು ಪೋಸ್ಟರಿನಲ್ಲೇ ಇದೆಯಲ್ಲ. ಸ್ಟೇಷನ್ನಿನಿಂದ ಹೊರಗೆ ಬಂದಾಗ ಮೊದಲು ಕಂಡದ್ದು ಎಂತ? ಬಿಸಿಲು ಯಾವ ಕಡೆಯಿಂದ ಬರ್ತಿತ್ತು? ಕೂರಲಿಕ್ಕೆ ಜಾಗ ಉಂಟಾ? ಕುಡಿಯುವ ನೀರು? ಮೆಟ್ಟಿಲು ಎಷ್ಟು, ನಡುವೆ ನಿಲ್ಲಲಿಕ್ಕೆ ಆಗ್ತದಾ? ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವ ತನಕ ಹಾಳೆಗೆ ಇಳಿಸುತ್ತಿರಲಿಲ್ಲ. ಒಮ್ಮೆ ನಿವೃತ್ತ ಹೆಡ್ಮಿಸ್ಟ್ರೆಸ್ ಒಬ್ಬರು ಪ್ಯಾರಿಸಿನಿಂದ ಬಂದು, ನೀವು ಬರೆದ ಬಾಗಿಲು ಈಗ ಮುಚ್ಚಿದ್ದಾರೆ, ಹಿಂದಿನಿಂದ ಸುತ್ತಿ ಹೋಗಬೇಕಾಯಿತು ಎಂದರು. ಸಾಹೇಬರು ಆ ಹಾಳೆ ತೆಗೆದುಕೊಂಡು ಹೋಗಿದ್ದ ಮೂವರಿಗೂ ಅದೇ ದಿನ ಕಾಗದ ಹಾಕಿದರು. ಅದರಲ್ಲಿ ಒಬ್ಬರು ಆಗಲೇ ವಾಪಸು ಬಂದು ಕಾರ್ಕಳದಲ್ಲಿದ್ದರು. ಆದರೂ ಹಾಕಿದರು.

ಮೆಕ್ಕೆಗೆ ಹೋಗುವವರಿಗೆ ಮಾತ್ರ ಹಾಳೆ ಇರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, “ಅದು ನೋಡುವ ಜಾಗ ಅಲ್ಲ ಬಾಯಿ. ನಿಲ್ಲುವ ಜಾಗ” ಎಂದಿದ್ದರು.

ಅರುವತ್ತರ ನಂತರ ಆಫೀಸಿಗೆ ಬೇರೆ ತರಹದ ಜನ ಬರತೊಡಗಿದರು. ಟಿಕೇಟು ಕೇಳುವವರಲ್ಲ. ಇಪ್ಪತ್ತು ಇಪ್ಪತ್ತೆರಡರ ಹುಡುಗರು, ಉಳ್ಳಾಲದವರು, ಬೆಂಗ್ರೆಯವರು, ನಮ್ಮವರು. ಎಲ್ಲರ ಬಾಯಲ್ಲೂ ಪರ್ಷಿಯಾ. ಕೊಲ್ಲಿಯ ಆ ಇಡೀ ಕರಾವಳಿಗೆ ಆಗ ಇಲ್ಲಿ ಇದ್ದ ಹೆಸರು ಅದೊಂದೇ. ಅಲ್ಲಿ ಎಣ್ಣೆ ಸಿಕ್ಕಿದೆ, ಕಟ್ಟಡ ಏಳುತ್ತಿದೆ, ಕೈಕೆಲಸ ಬಲ್ಲವನಿಗೆ ಕೆಲಸ ಉಂಟು ಎಂಬ ಸುದ್ದಿ. ಪರವಾನಗಿ ಸಿಗುವುದು ಕಷ್ಟ. ಆದರೆ ಬೊಂಬಾಯಿಯಲ್ಲಿ ದಲ್ಲಾಳಿಗಳಿದ್ದರು. ರಾತ್ರೋರಾತ್ರಿ ಲಾಂಚಿಗೆ ಹತ್ತಿಸಿ ಕಳಿಸುತ್ತಿದ್ದರು. ನಮ್ಮ ಆಫೀಸು ಆ ಕೆಲಸಕ್ಕೆ ಕೈ ಹಾಕಿದ್ದಿಲ್ಲ. ಹುಡುಗರು ಬರುತ್ತಿದ್ದದ್ದು ಸಾಹೇಬರಿಂದ ಒಂದು ಹಾಳೆ ಸಿಗುತ್ತದೋ ಎಂದು.

“ಆ ಊರಿಗೆ ನನ್ನಲ್ಲಿ ಪೇಪರ್ ಇಲ್ಲ ಮಾರಾಯ” ಎಂದು ಕಳಿಸಿಬಿಡುತ್ತಿದ್ದರು.

ಲಿಯೋಗೆ ಆಗ ಇಪ್ಪತ್ತೆರಡು. ಕೊಟ್ಟಾರದ ಒಬ್ಬರ ಅಂಗಡಿಯಲ್ಲಿ ವೈರಿಂಗ್ ಕೆಲಸ ಕಲಿತಿದ್ದ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಪರ್ಷಿಯಾ ಎಂದು ಅವನೂ ಶುರು ಮಾಡಿದಾಗ ಅಮ್ಮ ಅತ್ತರು, ಊಟ ಬಿಟ್ಟರು. ನನ್ನ ಮಾತು ಅವನು ಕೇಳುವವನಲ್ಲ. ಆಗ ನನಗೆ ಹೊಳೆದದ್ದು ಸಾಹೇಬರು. ಅವರು ಹೇಳಿದರೆ ಕೇಳಿಯಾನು ಎಂದು ನಾನೇ ಒಂದು ಶನಿವಾರ ಮಧ್ಯಾಹ್ನ ಅವನನ್ನು ಕರೆದುಕೊಂಡು ಹೋದೆ. ಇದನ್ನು ನಾನು ಬರೆಯಲೇಬೇಕು. ಕರೆದುಕೊಂಡು ಹೋದದ್ದು ನಾನು.

ಸಾಹೇಬರಿಗೆ ಮೊದಲೇ ಹೇಳಿಟ್ಟಿದ್ದೆ. ಅವರು ಅವನನ್ನು ಕೂರಿಸಿ, “ಅಲ್ಲಿ ನೋಡ್ಲಿಕ್ಕೆ ಎಂತದೂ ಇಲ್ಲ. ಮರಳು. ಬಿಸಿಲು. ಒಂದು ಮರ ಇಲ್ಲ. ಇಲ್ಲಿ ವೈರಿಂಗ್ ಮಾಡು, ನಾಲ್ಕು ವರ್ಷದಲ್ಲಿ ಸ್ವಂತ ಅಂಗಡಿ ಹಾಕ್ತಿ” ಎಂದರು.

ಲಿಯೋ ನಕ್ಕ. “ಸಾಹೇಬ್ರೆ, ನೀವು ಲಂಡನ್ನಿಗೆ ಹೋಗುವ ಡಾಕ್ಟರಿಗೆ ಪೇಪರ್ ಕೊಡ್ತೀರಿ. ಅವರಿಗೆ ಅಲ್ಲಿ ಕರ್ಕೊಂಡು ಹೋಗ್ಲಿಕ್ಕೆ ಜನ ಉಂಟು, ಕಾರುಂಟು. ನಮಗೆ ಯಾರೂ ಇಲ್ಲ. ಪೇಪರ್ ಬೇಕಾದ್ದು ಯಾರಿಗೆ, ನೀವೇ ಹೇಳಿ.”

ಮೇಜಿನ ಮೇಲಿದ್ದ ಸಾಹೇಬರ ಎರಡು ಬೆರಳು ಹಾಗೇ ನಿಂತವು.

“ನಾನು ಹೇಗೂ ಹೋಗ್ತೇನೆ. ಬೊಂಬಾಯಿಯಲ್ಲಿ ಮಾತಾಡಿ ಆಗಿದೆ. ನೀವು ಬರೆದು ಕೊಟ್ರೆ ಸ್ವಲ್ಪ ಗೊತ್ತಿದ್ದು ಹೋಗ್ತೇನೆ. ಕೊಡದಿದ್ರೆ ಏನೂ ಗೊತ್ತಿಲ್ಲದೆ ಹೋಗ್ತೇನೆ” ಎಂದ ಲಿಯೋ.

ನಾನು ಸಿಟ್ಟಿನಿಂದ ಅವನ ತೋಳು ಹಿಡಿದು ಎಬ್ಬಿಸಿದೆ. ಮನೆಗೆ ಬಂದ ಮೇಲೂ ಜಗಳವೇ. ಆದರೆ ಸಾಹೇಬರು ಆ ಮಾತನ್ನು ಮರೆಯಲಿಲ್ಲ. ಪರ್ಷಿಯಾಕ್ಕೆ ಹೋಗಿ ಎರಡು ವರ್ಷ ದುಡಿದು ಬಂದಿದ್ದ ಒಬ್ಬನನ್ನು ಆ ವಾರವೇ ಎಲ್ಲಿಯೋ ಹುಡುಕಿ, ಕೂರಿಸಿ ಕೇಳಿದರು. ಅವನು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಮುಂದಿನ ಶನಿವಾರ ಲಿಯೋ ತಾನೇ ಆಫೀಸಿಗೆ ಬಂದ. ಸಾಹೇಬರು ಡ್ರಾಯರಿನಿಂದ ಮಡಚಿದ ಹಾಳೆ ತೆಗೆದು, ನನ್ನ ಕಡೆ ನೋಡದೆ ಅವನ ಕೈಗೆ ಕೊಟ್ಟರು. ನಾನು ಅದನ್ನು ಓದಲಿಲ್ಲ. ಓದಿದ್ದರೂ ಏನೂ ತಿಳಿಯುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆ ಹೊತ್ತಿಗೆ ನನಗೆ ಇದ್ದದ್ದು ಸಿಟ್ಟು ಮಾತ್ರ.

ಹದಿನೈದು ದಿನದ ಮೇಲೆ ಲಿಯೋ ಬೊಂಬಾಯಿಗೆ ಹೋದ. ಅಲ್ಲಿಂದ ಒಂದು ಕಾರ್ಡು ಬಂತು. ನಾಳೆ ಹೊರಡುತ್ತೇವೆ, ಉಳ್ಳಾಲದ ಉಸ್ಮಾನನೂ ಜೊತೆಗಿದ್ದಾನೆ, ಅಮ್ಮನಿಗೆ ಹೇಳು ಎಂದಿತ್ತು. ಆಮೇಲೆ ಏನೂ ಇಲ್ಲ. ಕ್ರಿಸ್‌ಮಸ್ ಬಂತು, ಹೋಯಿತು. ಅಮ್ಮ ದಿನಾ ಅಂಚೆಯವನ ಹೊತ್ತಿಗೆ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಆಫೀಸಿನಲ್ಲಿ ಸಾಹೇಬರು ಪ್ರತಿ ಸೋಮವಾರ, “ಕಾಗದ ಬಂತಾ ಬಾಯಿ?” ಎಂದು ಕೇಳುತ್ತಿದ್ದರು. ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ.

ಐದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಉಸ್ಮಾನ್ ಆಫೀಸಿಗೆ ಬಂದ. ಆ ದೇಶದಲ್ಲಿ ಹಿಡಿದು, ಜೈಲಿನಲ್ಲಿಟ್ಟು, ವಾಪಸು ಕಳಿಸಿದ್ದರು. ತಲೆ ಬೋಳಿಸಿದ್ದರು. ನಮ್ಮ ಮನೆ ಅವನಿಗೆ ಗೊತ್ತಿರಲಿಲ್ಲ, ಆಫೀಸು ಗೊತ್ತಿತ್ತು. ಬಾಗಿಲಲ್ಲಿ ನಿಂತವನನ್ನು ಸಾಹೇಬರೇ ಒಳಗೆ ಕರೆದು ಕೂರಿಸಿದರು. ಅವನು ಅವರ ಕಡೆ ನೋಡಲಿಲ್ಲ. ನನಗೆ ಹೇಳಿದ.

“ಒಂಬತ್ತು ದಿನ ಕಡಲಲ್ಲಿದ್ದೆವು. ನೀರು ಮುಗಿದಿತ್ತು. ಲಿಯೋ ದಿನಾ ಆ ಪೇಪರ್ ಓದಿ ಹೇಳ್ತಿದ್ದ. ಮೊದಲು ಕಪ್ಪು ಬೆಟ್ಟ ಕಾಣ್ತದೆ, ಮತ್ತೆ ಖರ್ಜೂರದ ಮರ, ಮತ್ತೆ ಮಣ್ಣಿನ ಕೋಟೆ ಅಂತ. ಕಪ್ಪು ಬೆಟ್ಟ ಕಂಡಾಗ ಎಲ್ಲರೂ ಬೊಬ್ಬೆ ಹೊಡೆದೆವು. ಪೇಪರಲ್ಲಿ ಇದ್ದ ಹಾಗೆಯೇ ಇತ್ತು ಬಾಯಿ. ಎಲ್ಲ ಹಾಗೆಯೇ ಇತ್ತು.”

ಬೆಳಕು ಹರಿಯುವ ಹೊತ್ತಿಗೆ ಲಾಂಚಿನವರು ದೂರದಲ್ಲೇ ನಿಲ್ಲಿಸಿ ಇಳಿಯಿರಿ ಎಂದರಂತೆ. ಪೋಲೀಸರ ಭಯ, ಹತ್ತಿರ ಹೋಗುವಂತಿಲ್ಲ. ದಡ ಕಾಣುತ್ತಿತ್ತು. ಹುಡುಗರು ಹಿಂದೆ ಮುಂದೆ ನೋಡಿದರು. ಅರ್ಧಕ್ಕರ್ಧ ಜನರಿಗೆ ಈಜು ಬಾರದು.

“ಆಗ ಲಿಯೋ ಪೇಪರ್ ತೆಗೆದ. ಅದರಲ್ಲಿ ಇತ್ತು: ಕೋಟೆಯ ಎದುರು ನೀರು ಸೊಂಟದ ಮಟ್ಟ, ದಡದ ತನಕ ನಡೆದೇ ಹೋಗಬಹುದು, ಹೆದರಬೇಡಿ. ಅವನು ಅದನ್ನು ಜೋರಾಗಿ ಓದಿದ. ಈಜು ಬಾರದವರೇ ಮೊದಲು ಹಾರಿದ್ರು ಬಾಯಿ. ಸೊಂಟದ ಮಟ್ಟ ಅಲ್ವಾ ಅಂತ. ಲಿಯೋನೂ ಹಾರಿದ. ನೆಲ ಸಿಗ್ಲಿಲ್ಲ.”

ಲಾಂಚು ಆಗಲೇ ತಿರುಗಿತ್ತು. ಒಂಬತ್ತು ಜನರಲ್ಲಿ ನಾಲ್ವರು ದಡ ಸೇರಿದರು. ಐವರು ಸೇರಲಿಲ್ಲ.

ನಾನು ಅತ್ತೆನೋ ಇಲ್ಲವೋ ನೆನಪಿಲ್ಲ. ಸಾಹೇಬರು ಎದ್ದು ನಿಂತಿದ್ದರು. ಉಸ್ಮಾನನನ್ನು ಕೇಳಿದರು: “ನೀರು ಏರಿದ ಹೊತ್ತಾ, ಇಳಿದ ಹೊತ್ತಾ?”

“ಏರಿದ ಹೊತ್ತು. ಮಧ್ಯಾಹ್ನ ಅದೇ ಜಾಗದಲ್ಲಿ ಮೀನಿನವರು ನಡೀತಿದ್ರು, ಸೊಂಟದ ಮಟ್ಟವೇ ಇತ್ತು.”

ಸಾಹೇಬರು ಕುರ್ಚಿಯ ಬೆನ್ನು ಹಿಡಿದುಕೊಂಡರು. “ನಾನು ಕೇಳ್ಲಿಲ್ಲ” ಎಂದರು. “ಮೆಟ್ಟಿಲು ಎಷ್ಟು, ನೆರಳು ಎಲ್ಲಿ, ಎಲ್ಲ ಕೇಳ್ತೇನೆ. ದಿನಾ ಎರಡು ಸರ್ತಿ ಹೊಳೆ ದಾಟ್ತೇನೆ. ನೀರು ಏರುದು ಇಳಿಯುದು ನೋಡದ ದಿನ ಇಲ್ಲ. ಅದೊಂದು ಕೇಳ್ಲಿಲ್ಲ.”

ನಾನು ಆಗ ಹೇಳಿದ ಮಾತನ್ನು ಮುಚ್ಚಿಡುವುದಿಲ್ಲ. “ನೀವು ಕೊಂದಿರಿ” ಎಂದೆ. “ಹೌದು ಬಾಯಿ” ಎಂದರು. ಯಾರ ಮಾತು ನಂಬಿ ಬರೆದಿರಿ ಎಂದು ಕೇಳಿದೆ. “ಬರೆದದ್ದು ನಾನು” ಎಂದರೇ ಹೊರತು ಆ ಮನುಷ್ಯನ ಹೆಸರು ಹೇಳಲಿಲ್ಲ.

ಆ ಭಾನುವಾರ ಅವರು ನಮ್ಮ ಮನೆಗೆ ಬಂದರು. ಸಾವಿನ ಸುದ್ದಿಯನ್ನು ನಾನು ಅಮ್ಮನಿಗೆ ಹೇಳಿದ್ದೆ, ಹಾಳೆಯ ವಿಷಯ ಹೇಳಿರಲಿಲ್ಲ. ಹೇಳಿದವರು ಅವರೇ. ಮೆಟ್ಟಿಲಿನ ಕೆಳಗೆ, ಬಿಸಿಲಿನಲ್ಲಿ ನಿಂತು, ತಾನು ಏನು ಬರೆದೆ, ಏನನ್ನು ಕೇಳದೆ ಬರೆದೆ ಎಂದು ಒಂದೊಂದಾಗಿ ಹೇಳಿದರು. ಅಮ್ಮನಿಗೆ ಕನ್ನಡ ಅಷ್ಟಾಗಿ ಬಾರದು. ಒಂದೆರಡು ಕಡೆ ನಾನೇ ಕೊಂಕಣಿಯಲ್ಲಿ ಬಿಡಿಸಿ ಹೇಳಬೇಕಾಯಿತು. ಅದು ನನ್ನ ಬದುಕಿನ ಅತ್ಯಂತ ಕೆಟ್ಟ ಕೆಲಸ. ಅಮ್ಮ ಕೊನೆಯ ತನಕ ಕೇಳಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೀಗೆ ಅವರು ಐದು ಮನೆಗಳಿಗೂ ಹೋದರೆಂದು ಆಮೇಲೆ ಉಸ್ಮಾನನಿಂದ ತಿಳಿಯಿತು. ಉಳಿದ ನಾಲ್ಕರಲ್ಲಿ ಮೂರು ಅವರದೇ ಜಾತಿಯವರದು, ಒಂದು ಬೆಂಗ್ರೆಯ ಮೊಗವೀರರದು. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಳೆ ಕಡಲಿನಲ್ಲಿ ಹೋಗಿತ್ತು, ಬದುಕಿ ಬಂದವರಲ್ಲಿ ಉಸ್ಮಾನ್ ಒಬ್ಬನೇ ಊರು ಸೇರಿದ್ದ, ಅವನು ಬಾಯಿ ಬಿಡುವವನಲ್ಲ. ಒಂದು ಮನೆಯಲ್ಲಿ ಸತ್ತವನ ಅಪ್ಪ ಹೊಡೆದ. ಮಾರನೆಯ ದಿನ ತುಟಿ ಊದಿಸಿಕೊಂಡು ಆಫೀಸಿಗೆ ಬಂದರು. ಮಾಲೀಕರು ಎಂತ ಆಯ್ತು ಎಂದು ಕೇಳಿದಾಗ, “ಕೊಡಬೇಕಾದವರು ಕೊಟ್ಟದ್ದು” ಎಂದಷ್ಟೇ ಹೇಳಿ ಕೆಲಸಕ್ಕೆ ಕುಳಿತರು.

ಆಮೇಲೆ ಅವರು ಯಾರಿಗೂ ಹಾಳೆ ಬರೆಯಲಿಲ್ಲ. ಪ್ಯಾರಿಸಿನಲ್ಲಿ ಏನು ನೋಡಬೇಕು ಎಂದು ಯಾರಾದರೂ ಕೇಳಿದರೆ, “ನಾನು ಕಂಡಿಲ್ಲ” ಎನ್ನುತ್ತಿದ್ದರು. ಜನಕ್ಕೆ ಆಶ್ಚರ್ಯ. ಇದೇ ಸಾಹೇಬರಲ್ಲವೇ ನಮ್ಮ ಭಾವನಿಗೆ ಬೀದಿ ಬೀದಿ ವಿವರಿಸಿದವರು? ಮಾಲೀಕರಿಗೆ ಸಿಟ್ಟು. ಸಾಹೇಬರು ಟಿಕೇಟು ಬರೆದು, ಹಡಗು ಹೊರಡುವ ದಿನ ಹೇಳಿ, ಕೈಮುಗಿದು ಕಳಿಸುತ್ತಿದ್ದರು.

ನಾನು ಆ ಕೆಲಸ ಬಿಡಲಿಲ್ಲ. ಬಿಟ್ಟರೆ ಮನೆ ನಡೆಯುತ್ತಿರಲಿಲ್ಲ. ಒಂದೇ ಕೋಣೆಯಲ್ಲಿ, ಎಂಟು ಅಡಿ ದೂರದಲ್ಲಿ, ಸುಮಾರು ಎರಡು ವರ್ಷ ಅವರ ಜೊತೆ ಕೆಲಸ ಮಾಡಿದೆ. ಟೈಪು ಮಾಡಬೇಕಾದ ಕಾಗದವನ್ನು ಅವರು ನನ್ನ ಮೇಜಿನ ಅಂಚಿನಲ್ಲಿಟ್ಟು ಹೋಗುತ್ತಿದ್ದರು. ಟೈಪು ಮಾಡಿದ್ದನ್ನು ನಾನು ಅವರ ಮೇಜಿನ ಅಂಚಿನಲ್ಲಿಟ್ಟು ಬರುತ್ತಿದ್ದೆ. ಕೆಲವು ದಿನ ಅವರನ್ನು ನೋಡಿದರೆ ಮೈ ಉರಿಯುತ್ತಿತ್ತು. ಇನ್ನು ಕೆಲವು ದಿನ, ಅವರನ್ನು ನೋಡದಿದ್ದರೆ ಲಿಯೋನ ಬಗ್ಗೆ ಯೋಚಿಸುವ ಇನ್ನೊಬ್ಬರು ಲೋಕದಲ್ಲಿ ಇಲ್ಲ ಅನ್ನಿಸುತ್ತಿತ್ತು.

ಮರುವರ್ಷ ಚಳಿಗಾಲದಲ್ಲಿ ಅವರು ಎರಡು ತಿಂಗಳ ರಜೆ ಕೇಳಿದರು. ಎಲ್ಲಿಗೆಂದು ಮಾಲೀಕರು ಕೇಳಿದಾಗ ಪಾಸ್‌ಪೋರ್ಟು ತೋರಿಸಿದರು. ಅದಕ್ಕಾಗಿ ಹತ್ತು ತಿಂಗಳು ಓಡಾಡಿದ್ದರಂತೆ. ನಿಮ್ಮ ತಾಯಿ ಇದ್ದಾರಲ್ಲ, ಒಪ್ಪಿದರೇ ಎಂದು ಮಾಲೀಕರು ಕೇಳಿದ್ದು ನನಗೂ ಕೇಳಿಸಿತು.

“ಮೊದಲು ಒಪ್ಪಲಿಲ್ಲ. ಉಮ್ಮ, ನನ್ನಿಂದ ಐದು ತಾಯಂದಿರು ಕೂತಿದ್ದಾರೆ, ಮಕ್ಕಳು ಎಲ್ಲಿದ್ದಾರೆ ಅಂತ ಅವರಿಗೆ ಗೊತ್ತಿಲ್ಲ ಅಂದೆ. ಅಣ್ಣ ಎಲ್ಲಿ ಮಣ್ಣಾದ ಅಂತ ನಿಮಗೆ ಗೊತ್ತುಂಟಾ ಅಂತ ಕೇಳಿದೆ. ಹೋಗು ಅಂದ್ರು.”

ಪರ್ಷಿಯಾಕ್ಕೆ ಹಡಗಿನ ಡೆಕ್ಕಿನಲ್ಲಿ ಹೋದರು. ಲೋಕದ ಅರ್ಧ ಊರುಗಳ ಬೀದಿ ಬಲ್ಲ ಮನುಷ್ಯ ಮೊದಲ ಸಲ ಕಡಲಿಗೆ ಇಳಿದದ್ದು ಹಾಗೆ. ಬೊಂಬಾಯಿಯಲ್ಲಿ ಎರಡು ದಿನ ಹಡಗಿಗೆ ಕಾದರಂತೆ. ಊರು ನೋಡಿದಿರಾ ಎಂದು ಆಮೇಲೆ ಯಾರೋ ಕೇಳಿದ್ದಕ್ಕೆ ಇಲ್ಲ ಎಂದರು. ಹಡಗಿನ ಧಕ್ಕೆಯ ಎದುರಿನ ಮುಸಾಫಿರಖಾನೆಯಿಂದ ಹೊರಗೆ ಬಂದಿರಲಿಲ್ಲ.

ವಾಪಸು ಬಂದವರು ನಮ್ಮ ಮನೆಗೆ ಬಂದದ್ದು ಲೆಂಟ್ ಉಪವಾಸದ ದಿನಗಳಲ್ಲಿ, ಒಂದು ಸಂಜೆ. ತುಂಬ ಇಳಿದುಹೋಗಿದ್ದರು. ಮುಖ ಸುಟ್ಟು ಕಪ್ಪಾಗಿತ್ತು. ಮತ್ತೆ ಮೆಟ್ಟಿಲ ಕೆಳಗೇ ನಿಂತರು. ಈ ಸಲ ಅಮ್ಮ ಒಳಗೆ ಬನ್ನಿ ಎಂದರು. ಬಂದು ಬೆಂಚಿನ ತುದಿಯಲ್ಲಿ ಕುಳಿತರು.

“ಊರು ಸಿಕ್ಕಿತು ಅಮ್ಮ” ಎಂದರು. “ಮೀನು ಹಿಡಿಯುವವರ ಊರು. ಮೂವತ್ತು ಮನೆ ಇರಬಹುದು. ಅವರೇ ಐದೂ ಜನರನ್ನು ನೀರಿಂದ ತೆಗೆದದ್ದು. ಎರಡು ದಿನದಲ್ಲಿ ಒಬ್ಬೊಬ್ಬರಾಗಿ ಸಿಕ್ಕಿದ್ರಂತೆ. ಊರ ಹಿಂದೆ ಎತ್ತರದ ಜಾಗ ಉಂಟು, ಅಲ್ಲಿ ಮಣ್ಣು ಮಾಡಿದ್ದಾರೆ. ಐದೂ ಒಂದೇ ಸಾಲು. ತಲೆಯ ಕಡೆ ಒಂದೊಂದು ಕಲ್ಲು. ಹೆಸರಿಲ್ಲ. ಅವರಿಗೆ ಹೆಸರು ಗೊತ್ತಿರಲಿಲ್ಲ.”

“ನನ್ನ ಮಗನದ್ದು ಯಾವುದು?” ಅಮ್ಮ ಕೇಳಿದರು.

“ಗೊತ್ತಾಗ್ಲಿಲ್ಲ. ಬರುವಾಗ ಹಡಗಿನಲ್ಲಿ ಯೋಚನೆ ಮಾಡಿದೆ, ಬಲಗಡೆಯದ್ದು ಅಂತ ನಿಮಗೆ ಹೇಳಿಬಿಡ್ಲಾ ಅಂತ. ನಿಮಗೆ ಸಮಾಧಾನ ಆದೀತು. ಹೇಳುದಿಲ್ಲ ಅಮ್ಮ. ನನಗೆ ಗೊತ್ತಿಲ್ಲ.”

ಅಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡರು. “ಕುತ್ತಿಗೆಯಲ್ಲಿ ಖುರಿಸಿನ ಸರ ಇತ್ತು” ಎಂದರು. ಶಿಲುಬೆಯ ಸರ. ಹೋಗುವ ದಿನ ಅಮ್ಮನೇ ಹಾಕಿದ್ದು.

“ಕೇಳಿದೆ. ಯಾರ ಕುತ್ತಿಗೆಯಲ್ಲೂ ಎಂತ ಇರ್ಲಿಲ್ಲ ಅಂದ್ರು. ನೀರಿನಲ್ಲಿ ಹೋಗಿರ್ಬೇಕು. ಅದಕ್ಕೇ ಅವರಿಗೆ ಗೊತ್ತಾಗ್ಲಿಲ್ಲ. ಐದೂ ಜನ ನಮ್ಮವರೇ ಅಂತ ಗ್ರಹಿಸಿ, ನಮ್ಮ ಕ್ರಮದಲ್ಲಿ ನಮಾಜು ಮಾಡಿ ಮಣ್ಣು ಮಾಡಿದ್ದಾರೆ. ನಿಮ್ಮ ಮಗನಿಗೂ, ಬೆಂಗ್ರೆಯ ವಾಸುವಿಗೂ.” ಅವರು ತಲೆ ತಗ್ಗಿಸಿದರು. “ಇದನ್ನು ನಿಮಗೆ ಹೇಳ್ಲಿಕ್ಕೆ ನನಗೆ ಕಷ್ಟ ಆಗ್ತದೆ.”

ನಾನು ಕೊಂಕಣಿಯಲ್ಲಿ ಹೇಳಿದೆ. ಅಮ್ಮ ದಿನಾ ಇಗರ್ಜಿಗೆ ಹೋಗುವವರು. ಮಗ ಪಾದ್ರಿಯಿಲ್ಲದೆ, ಪವಿತ್ರ ನೀರಿಲ್ಲದೆ ಹೋದನಲ್ಲ ಎಂಬುದೇ ಅವರನ್ನು ಅಷ್ಟು ದಿನ ಕೊರೆಯುತ್ತಿದ್ದ ಸಂಕಟ. ಈಗ ಏನನ್ನುತ್ತಾರೋ ಎಂದು ನನಗೆ ಹೆದರಿಕೆಯಾಯಿತು.

“ಎಷ್ಟು ಜನ ಪ್ರಾರ್ಥನೆ ಮಾಡಿದ್ರಂತೆ?” ಎಂದು ಕೇಳಿದರು.

“ಊರಿನ ಗಂಡಸರೆಲ್ಲ. ಆ ದಿನ ಯಾರೂ ಕಡಲಿಗೆ ಹೋಗ್ಲಿಲ್ಲವಂತೆ.”

“ನೀವು?”

“ನಾನೂ ಮಾಡಿದೆ. ನಿಮ್ಮ ಪ್ರಾರ್ಥನೆ ನನಗೆ ಬರುದಿಲ್ಲ. ಲಿಯೋ ಅಂತ ಹೆಸರು ಹೇಳಿದೆ. ಐದು ಕಲ್ಲಿನ ಹತ್ತಿರವೂ ಐದು ಹೆಸರು ಹೇಳಿದೆ. ಯಾವುದು ಯಾರದ್ದೋ.”

ಅಮ್ಮ ಎದ್ದು ಒಳಗೆ ಹೋದರು. ಮತ್ತೆ ಬಾಗಿಲು ಹಾಕಿಕೊಳ್ಳುತ್ತಾರೆಂದುಕೊಂಡೆ. ಕಾಗದ ಪೆನ್ಸಿಲು ತಂದು ನನ್ನ ಕೈಯಲ್ಲಿಟ್ಟು, “ಆ ನಾಲ್ಕು ಹೆಸರು ಕೇಳಿ ಬರ್ಕೋ” ಎಂದರು. ಸಾಹೇಬರು ಹೇಳಿದರು. ನಾನು ಬರೆದುಕೊಂಡೆ. ಸುಮಾರು ಎರಡು ವರ್ಷದಲ್ಲಿ ನಾವಿಬ್ಬರೂ ಅಷ್ಟು ಹತ್ತಿರ ಕುಳಿತದ್ದು ಅದೇ ಮೊದಲು.

ಪಾಸ್ಖ ಹಬ್ಬ, ಅಂದರೆ ಈಸ್ಟರ್, ಕಳೆದ ಮೊದಲ ವಾರ ಅಮ್ಮ ಲಿಯೋನ ಆತ್ಮಕ್ಕಾಗಿ ಪೂಜೆ ಹೇಳಿಸಿದರು. ಪೂಜೆಗೆ ಮೊದಲು ಯಾರಿಗಾಗಿ ಎಂದು ಹೆಸರು ಓದುವುದುಂಟು. ಅಮ್ಮ ಕೊಟ್ಟ ಚೀಟಿಯಲ್ಲಿ ಐದು ಹೆಸರುಗಳಿದ್ದವು. ಪಾದ್ರಿ ಆ ವರ್ಷವಷ್ಟೇ ಗೋವೆಯಿಂದ ಬಂದವರು, ಕನ್ನಡ ಅಕ್ಷರ ತಿಳಿಯದೆಂದು ನಾನು ಇಂಗ್ಲಿಷಿನಲ್ಲಿ ಟೈಪು ಮಾಡಿ ಕೊಟ್ಟಿದ್ದೆ. ಅವರು ಚೀಟಿ ನೋಡಿ, “ಇವರೆಲ್ಲ ನಮ್ಮವರಲ್ಲವಲ್ಲ” ಎಂದರು.

“ಅವರ ಜನ ನನ್ನ ಮಗನಿಗೆ ಮಾಡಿದ್ದಾರೆ ಫಾದರ್. ನಾನು ಅವರ ಮಕ್ಕಳಿಗೆ ಮಾಡದಿದ್ರೆ ಹೇಗೆ?” ಎಂದರು ಅಮ್ಮ. ಪಾದ್ರಿ ಚೀಟಿಯನ್ನು ಮತ್ತೊಮ್ಮೆ ಓದಿ, ಜೇಬಿಗೆ ಹಾಕಿಕೊಂಡರು.

ಬೆಳಗಿನ ಪೂಜೆ. ಹೆಚ್ಚು ಜನರಿರಲಿಲ್ಲ. ಪಕ್ಕದ ಬಾಗಿಲಿನ ಹೊರಗೆ, ಚಪ್ಪಲಿ ಕಳಚಿಟ್ಟು, ಸಾಹೇಬರು ನಿಂತಿರುವುದನ್ನು ನಾನು ಕಂಡೆ. ಅವರಿಗೆ ದಿನ ತಿಳಿಸಿದವಳು ನಾನೇ. ಬನ್ನಿ ಎಂದಿರಲಿಲ್ಲ, ಇಂಥ ದಿನ ಎಂದಷ್ಟೇ ಹೇಳಿದ್ದೆ. ಅವರು ಒಳಗೆ ಬರಲಿಲ್ಲ. ಅವರನ್ನು ನಾನು ಕ್ಷಮಿಸಿದೆನೆಂದು ಬರೆದರೆ ಅದು ಸುಳ್ಳಾಗುತ್ತದೆ. ಅವರು ಅಲ್ಲಿಂದ ಹೋಗದಿದ್ದರೆ ಸಾಕು ಅನ್ನಿಸಿತು, ಅಷ್ಟೇ.

ಪಾದ್ರಿ ಚೀಟಿ ಬಿಡಿಸಿ ಓದತೊಡಗಿದರು. ಲಿಯೋ. ವಾಸು. ಇಬ್ರಾಹಿಂ. ಅಬ್ದುಲ್ ಖಾದರ್. ಐದನೆಯ ಹೆಸರಿಗೆ ಬಂದು ತಡೆದರು. ನಾನು ಬರೆದ ಇಂಗ್ಲಿಷ್ ಅಕ್ಷರಗಳನ್ನು ಅವರು ಹೇಗೆ ಹೇಗೋ ಕೂಡಿಸಿ, “ಮೊಯಿದಿನ್ ಕುನ್... ಕುನ್ಹಿ...” ಎಂದು ನಿಂತರು. ಅಮ್ಮ ನನ್ನ ಕೈ ಹಿಡಿದರು.

“ಕುಂಞಿ, ಫಾದರ್” ಎಂದಿತು ಬಾಗಿಲ ಹೊರಗಿನ ದನಿ, ಮೆಲ್ಲಗೆ. “ಮೊಯ್ದಿನ್ ಕುಂಞಿ.”

ಪಾದ್ರಿ ಆ ಕಡೆ ತಿರುಗಿ ತಲೆದೂಗಿದರು. ಮತ್ತೆ ಚೀಟಿಯನ್ನು ನೋಡದೆಯೇ, ಕೇಳಿದ ಹಾಗೆಯೇ, ಆ ಹೆಸರನ್ನು ಹೇಳಿದರು.